‘ಕೂದಲು ಕೀಳುವುದನ್ನು ಬಿಡಬಾರದೇ?’ ಎಂದು ಕೇಳುವವರಿಗೆ

ಈ ಪ್ರಶ್ನೆಯನ್ನು ನಾನು 12ನೆಯ ವಯಸ್ಸಿನಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಎದುರು ನಿಂತು ಉತ್ತರಿಸಿ ಸಾಕಾಗಿರುವುದರಿಂದ ಒಮ್ಮೆ ಬರೆದಿಡುತ್ತೇನೆ. ಬಿಡಬೇಕೆಂದು ನಿರ್ಧರಿಸಿದ ಮಾತ್ರಕ್ಕೆ ಬಿಟ್ಟುಹೋಗುವುದಾಗಿದ್ದರೆ ಅದು ಎಂದೋ ಬಿಟ್ಟುಹೋಗಿರುತ್ತಿತ್ತು. ನನ್ನನ್ನು ನೋಯಿಸುವುದು ಆ ‘ಬಾರದೇ’ ಎಂಬ ಮಾತು. ನನ್ನ ಕೂದಲನ್ನು ನಾನು ಇಷ್ಟಪಟ್ಟೇ ಕೀಳುತ್ತೇನೆ, ಬಿಡಲು ಮನಸ್ಸು ಮಾಡುತ್ತಿಲ್ಲ ಅಷ್ಟೆ ಎಂಬ ತೀರ್ಮಾನ ಅದರೊಳಗೇ ಇರುತ್ತದೆ.

ಅಣ್ಣನ ಮದುವೆಯ ಬೆಳಿಗ್ಗೆ ಸೋದರತ್ತೆ ಮಲ್ಲಿಗೆ ದಂಡೆ ಮುಡಿಸಲೆಂದು ನನ್ನ ಜಡೆ ಬಿಚ್ಚಿದಾಗ, ಓರೆ ಬೈತಲೆ ತೆಗೆದು ವರ್ಷಗಳಿಂದ ಮುಚ್ಚಿಟ್ಟುಕೊಂಡಿದ್ದ ನೆತ್ತಿಯ ಬೋಳು ಜಾಗ ಕೋಣೆ ತುಂಬ ಇದ್ದ ಹೆಂಗಸರ ಎದುರು ಬಯಲಾಯಿತು. “ಏನೇ ಇದು! ಕೈ ಸುಮ್ನೆ ಇಟ್ಕೊಳ್ಳೋಕೆ ಆಗಲ್ವಾ ನಿಂಗೆ?” ಎಂದರು ಅತ್ತೆ. ತಿರುಪತಿಗೆ ಮುಡಿ ಕೊಡಿಸಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರು ಅಮ್ಮನಿಗೆ ಹೇಳಿದರು. ಮುಡಿ ಕೊಟ್ಟೆವು. ತಲೆಯಲ್ಲಿ ಕೂದಲಿಲ್ಲದ ಆ ತಿಂಗಳುಗಳಲ್ಲಿ ಬೆರಳುಗಳು ಹುಬ್ಬಿಗೆ ಹೋದವು. ದೇವರ ಮೇಲೆ ನನಗೆ ದೂರಿಲ್ಲ. ಅತ್ತೆಯ ಮೇಲೂ ಇಲ್ಲ, ಏಕೆಂದರೆ ಗದರಿದ ಮೇಲೆ ದಂಡೆಯನ್ನು ಎರಡು ಸುತ್ತು ಹೆಚ್ಚು ಸುತ್ತಿ ಆ ಜಾಗವನ್ನು ಮುಚ್ಚಿ ನನ್ನನ್ನು ಮಂಟಪಕ್ಕೆ ಕರೆದೊಯ್ದವರೂ ಅವರೇ.

ಇದಕ್ಕೆ ಟ್ರೈಕೋಟಿಲೊಮೇನಿಯ ಎಂಬ ಹೆಸರಿದೆ ಎಂದು ನನಗೆ ತಿಳಿದಾಗ 26 ತುಂಬಿತ್ತು. ಫ್ರಾನ್ಸಿನ ಚರ್ಮವೈದ್ಯ ಅಲೊಪೊ ಅದನ್ನು ಹೆಸರಿಸಿದ್ದು 1889ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಇದು ಜೂಜಿನ ಚಟ, ಕದಿಯುವ ತುಡಿತ, ಬೆಂಕಿ ಹಚ್ಚುವ ತುಡಿತಗಳ ಜೊತೆ ‘ಅಭ್ಯಾಸ ಮತ್ತು ತುಡಿತ’ಗಳ ಗುಂಪಿನಲ್ಲಿತ್ತು. ಆ ಗುಂಪನ್ನು ನೋಡಿ ಮೊದಲು ಅಳು ಬಂದಿತ್ತಾದರೂ, ಅಲ್ಲಿ ಹೇಳಿದ್ದ ಲಕ್ಷಣ ನನಗೆ ಗೊತ್ತಿದ್ದದ್ದೇ ಆಗಿತ್ತು: ಒರಟಾದ, ಸುರುಟಿಕೊಂಡ ಒಂದು ಎಳೆ ಬೆರಳಿಗೆ ಸಿಕ್ಕಿದರೆ ಅದನ್ನು ಕೀಳುವವರೆಗೆ ಮೈಯೆಲ್ಲ ಬಿಗಿಯುತ್ತದೆ, ಕಿತ್ತ ಕೂಡಲೇ ಸಡಿಲಾಗುತ್ತದೆ, ಹಿಂದೆಯೇ ನಾಚಿಕೆ ಬರುತ್ತದೆ. 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಆವೃತ್ತಿ ಇದನ್ನು, ಚರ್ಮ ಕೀಳುವ ಕಾಯಿಲೆಯ ಜೊತೆಗೆ, ಗೀಳು ಕಾಯಿಲೆಗಳ ಸಮೀಪ ಇಟ್ಟಿದೆ. ನನಗೆ ಅದೇ ಸರಿಯೆನಿಸುತ್ತದೆ, ಏಕೆಂದರೆ ಎಷ್ಟೋ ಸಲ ಬಿಗಿತವೂ ಇರುವುದಿಲ್ಲ, ಅರಿವೂ ಇರುವುದಿಲ್ಲ. ಓದಿ ಮುಗಿಸಿ ಎದ್ದಾಗ ಮಡಿಲಲ್ಲಿ ಬಿದ್ದ ಕೂದಲನ್ನು ನೋಡಿಯೇ ನನಗೆ ತಿಳಿಯುವುದು. ಅರಿವಿಗೇ ಬಾರದ ಕೆಲಸವನ್ನು ‘ಬಿಡು’ ಎಂದರೆ ಎಲ್ಲಿಂದ ಬಿಡಲಿ?

ನನ್ನನ್ನು ಕೇಳಬೇಕಿದ್ದ ಪ್ರಶ್ನೆಯನ್ನು ಮೊದಲು ಕೇಳಿದ್ದು ಒಬ್ಬ ಮನಶ್ಶಾಸ್ತ್ರಜ್ಞೆ: “ಯಾವ ಹೊತ್ತಿನಲ್ಲಿ, ಎಲ್ಲಿ ಕೂತಾಗ, ಯಾವ ಕೈ?” ನನಗೆ ಉತ್ತರ ಗೊತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಪ್ರಕಟಿಸಿದ ಹ್ಯಾಬಿಟ್ ರಿವರ್ಸಲ್ (ಅಭ್ಯಾಸವನ್ನು ಹಿಮ್ಮೆಟ್ಟಿಸುವುದು) ಎಂಬ ಚಿಕಿತ್ಸೆ ಶುರುವಾಗುವುದೇ ಇಲ್ಲಿಂದ. ಕೈ ಮೇಲೇಳುವುದನ್ನು ಮೊದಲು ಗುರುತಿಸಬೇಕು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತುಡಿತ ಬಂದಾಗ ಮುಷ್ಟಿ ಬಿಗಿದು ಅದು ಇಳಿಯುವವರೆಗೆ ಹಿಡಿದಿರಬೇಕು. ಮನೆಯವರಿಗೂ ಅದರಲ್ಲಿ ಪಾಲಿದೆ. ನನ್ನ ತಂಗಿ ಗದರುವುದಿಲ್ಲ, ಕಾರಣ ಕೇಳುವುದಿಲ್ಲ. “ಅಕ್ಕಾ, ಕೈ” ಎಂದಷ್ಟೇ ಹೇಳುತ್ತಾಳೆ. ಅಷ್ಟರಿಂದ ಆದ ಉಪಕಾರ ಇಷ್ಟು ವರ್ಷಗಳ ಉಪದೇಶದಿಂದ ಆಗಿರಲಿಲ್ಲ.

ಈಗ ಕೇಳಿದರೆ ಉತ್ತರವಿದೆ. ರಾತ್ರಿ 10ರ ನಂತರ, ದಿಂಬಿಗೆ ಒರಗಿ ಓದುವಾಗ, ಎಡಗೈ. ಆದ್ದರಿಂದ ಆ ಹೊತ್ತಿನಲ್ಲಿ ಪುಸ್ತಕವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹಾಳೆ ತಿರುವುತ್ತೇನೆ. ಆದರೂ ಕಳೆದ ವಾರ ಎರಡು ರಾತ್ರಿ ಕೈ ನೆತ್ತಿಗೆ ಹೋಗಿತ್ತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.