ನಾವಿರೋದು ಅಸಲಿ ವರ್ಜೀನಿಯಾ ಅಲ್ವಂತೆ

2008ರ ಅಕ್ಟೋಬರ್. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಮೆಕೇನ್ ಪ್ರಚಾರದ ಸಲಹೆಗಾರ್ತಿ ನ್ಯಾನ್ಸಿ ಫೋಟನ್‌ಹೌವರ್ ಟಿವಿಯಲ್ಲಿ ಒಂದು ಮಾತು ಬಿಟ್ಟರು. ಉತ್ತರ ವರ್ಜೀನಿಯಾಕ್ಕೆ ವಾಷಿಂಗ್ಟನ್ ಕಡೆಯ ಡೆಮಾಕ್ರಾಟರು ಬಂದು ಸೇರಿಕೊಂಡಿದ್ದಾರೆ, ಉಳಿದ ಭಾಗವೇ ಅಸಲಿ ವರ್ಜೀನಿಯಾ ಅಂತ. ಮಾತು ಸರಿಪಡಿಸಿಕೊಳ್ಳಿ ಅಂತ ನಿರೂಪಕನೇ ದಾರಿ ಬಿಟ್ಟುಕೊಟ್ಟ. ಆಕೆ ಜಗ್ಗಲಿಲ್ಲ. ತಮಾಷೆ ನೋಡಿ, ತಾನು ಓಕ್‌ಟನ್‌ನವಳು ಅಂತ ಅದೇ ಬಾಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಓಕ್‌ಟನ್ ಇರುವುದು ಅದೇ ಉತ್ತರ ವರ್ಜೀನಿಯಾದ ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯಲ್ಲೇ!

ನಾನಾಗ ವೀಸಾದ ಮೇಲಿದ್ದೆ, ಓಟಿರಲಿಲ್ಲ. ನಾನು ಅಸಲಿಯೋ ನಕಲಿಯೋ ಯಾರಿಗೂ ಬೇಕಿರಲಿಲ್ಲ. ಸಿಟ್ಟು ಬಂದಿದ್ದು ಪಕ್ಕದ ಮನೆಯ ನಿವೃತ್ತ ಸೇನಾಧಿಕಾರಿಗೆ. ಅವರು ರಿಪಬ್ಲಿಕನ್ ಪಕ್ಷಕ್ಕೇ ಓಟು ಹಾಕುವವರು. "ಪೆಂಟಗನ್ ಯಾವ ವರ್ಜೀನಿಯಾದಲ್ಲಿದೆಯಂತೆ?" ಅಂತ ಕೇಳಿದರು. ಅಮೆರಿಕಾ ಸೇನೆಯ ಕೇಂದ್ರ ಕಚೇರಿಯಾದ ಪೆಂಟಗನ್ ಇರುವುದು ಉತ್ತರ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ. ಸೈನಿಕರ ಸ್ಮಶಾನವೂ ಅಲ್ಲೇ. ಅಷ್ಟೇಕೆ, ಮೆಕೇನ್ ಪ್ರಚಾರದ ಮುಖ್ಯ ಕಚೇರಿಯೂ ಅಲ್ಲೇ ಇತ್ತು.

ಟಿವಿಯ ಆ ಮಾತಿಗೆ ಎರಡು ದಿನ ಮುಂಚೆ ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಸಣ್ಣ ಊರುಗಳನ್ನು ಹೊಗಳುತ್ತಾ, ಅಸಲಿ ಅಮೆರಿಕಾ ಇರುವುದೇ ಅಲ್ಲಿ ಅಂದಿದ್ದರು. ಆಮೇಲೆ ಕ್ಷಮೆ ಕೇಳಿದರು ಬಿಡಿ.

ಆ ವಾರ ನನಗೆ ನೆಮ್ಮದಿ ಕೊಟ್ಟಿದ್ದು ಮಾಜಿ ವಿದೇಶಾಂಗ ಸಚಿವ ಕಾಲಿನ್ ಪವೆಲ್. ರಿಪಬ್ಲಿಕನ್ ಆಗಿದ್ದೂ ಡೆಮಾಕ್ರಾಟ್ ಅಭ್ಯರ್ಥಿ ಒಬಾಮಾಗೆ ಬೆಂಬಲ ಹೇಳಿದರು. ಒಬಾಮಾ ಮುಸ್ಲಿಮನಲ್ಲ, ಆದರೆ ಆಗಿದ್ದರೆ ಏನು ತಪ್ಪು ಅಂತ ನೇರವಾಗಿ ಕೇಳಿದರು. ಇರಾಕ್‌ನಲ್ಲಿ ಸತ್ತ 20 ವರ್ಷದ ಅಮೆರಿಕನ್ ಮುಸ್ಲಿಂ ಸೈನಿಕ ಕರೀಂ ರಶಾದ್ ಸುಲ್ತಾನ್ ಖಾನ್ ಬಗ್ಗೆ ಹೇಳಿದರು. ಆರ್ಲಿಂಗ್ಟನ್‌ನಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಅರ್ಧಚಂದ್ರ, ನಕ್ಷತ್ರ. ಅಂದರೆ ಆ ಹುಡುಗ ಮಲಗಿರುವುದೂ ನಕಲಿ ವರ್ಜೀನಿಯಾದಲ್ಲೇ.

ನಮ್ಮವರಿಗೆ ಇದು ಹೊಸದಲ್ಲ. 2006ರಲ್ಲಿ ವರ್ಜೀನಿಯಾದ ರಿಪಬ್ಲಿಕನ್ ಸೆನೆಟರ್ ಜಾರ್ಜ್ ಆಲನ್, ಎದುರಾಳಿಯ ಪರವಾಗಿ ವಿಡಿಯೋ ಮಾಡುತ್ತಿದ್ದ ಭಾರತೀಯ ಮೂಲದ ಸಿದ್ಧಾರ್ಥ್ ಎಂಬ ಹುಡುಗನನ್ನು ಸಭೆಯಲ್ಲೇ 'ಮಕಾಕಾ' (ಒಂದು ಜಾತಿಯ ಕೋತಿಯ ಹೆಸರು) ಎಂದು ಕರೆದು, ಅಮೆರಿಕಾಗೆ ಸ್ವಾಗತ ಅಂದಿದ್ದರು. ಹುಡುಗ ಹುಟ್ಟಿದ್ದು ಫೇರ್‌ಫ್ಯಾಕ್ಸ್‌ನಲ್ಲಿ. ಆಲನ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ! ಕೊನೆಗೆ ಆಲನ್ ಸೋತರು, ಅದೂ ಸುಮಾರು 9,000 ಓಟುಗಳಲ್ಲಿ.

ಮಕಾಕಾ ವಿಡಿಯೋ ನೋಡಿ ಕೆಂಡವಾಗಿದ್ದ ನನ್ನ ದಾವಣಗೆರೆಯ ಗೆಳೆಯನೊಬ್ಬ ಇದ್ದಾನೆ. ಈಗ ಅವನಿಗೂ ಓಟಿದೆ, ನನಗೂ ಇದೆ. ಊರಲ್ಲಿ ಚುನಾವಣೆ ಬಂದರೆ ಮಾತ್ರ ಅವನ ವಾಟ್ಸಾಪ್‌ನಿಂದ ಬರುವುದು ಬೇರೆಯೇ. ಇಂಥವರು ದೇಶದ್ರೋಹಿಗಳು, ಅಂಥವರು ಪಾಕಿಸ್ತಾನಕ್ಕೆ ಹೋಗಲಿ. ಆಲನ್ ಕೂಡ ಇದನ್ನೇ ಅಲ್ವೇನೋ ಹೇಳಿದ್ದು ಅಂದೆ. "ಅದೇ ಬೇರೆ, ಇದೇ ಬೇರೆ" ಅಂದ. ಹೇಗೆ ಬೇರೆ ಅಂತ ಇನ್ನೂ ಹೇಳಿಲ್ಲ. ಯುಗಾದಿ ಊಟಕ್ಕೆ ಬರ್ತಾನೆ, ಹೋಳಿಗೆ ಬಡಿಸಿದ ಮೇಲೆ ಮತ್ತೆ ಕೇಳಬೇಕು.