ಆರನೆಯ ಪ್ರಶ್ನೆಯ ಕನ್ನಡ

ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಹಲವು ದೇಶಗಳಲ್ಲಿ ಬಳಸುವ ಎಡಿನ್‌ಬರೋ ಮಾಪಕ 1987ರಲ್ಲಿ ಪ್ರಕಟವಾಯಿತು. ಅದರಲ್ಲಿರುವುದು ಹತ್ತೇ ಪ್ರಶ್ನೆಗಳು, ಗರಿಷ್ಠ ಅಂಕ 30. ಆರೋಗ್ಯದ ಬರಹಗಳನ್ನು ಅನುವಾದಿಸುವ ನಾನು ಒಮ್ಮೆ ಅಭ್ಯಾಸಕ್ಕೆಂದು ಅದನ್ನು ಕನ್ನಡಕ್ಕೆ ತರಲು ಕುಳಿತಾಗ, ಐದು ಪ್ರಶ್ನೆಗಳು ಸಲೀಸಾಗಿ ಮುಗಿದು ಆರನೆಯದರಲ್ಲಿ ಸಿಕ್ಕಿಬಿದ್ದೆ. ಯಾವುದನ್ನೂ ನಿಭಾಯಿಸಲಾಗದೆ ಸೋಲುತ್ತಿರುವ ಭಾವವನ್ನು ಹೇಳುವ ಅಲ್ಲಿನ ಇಂಗ್ಲಿಷ್ ನುಡಿಗಟ್ಟನ್ನು ಪದಕ್ಕೆ ಪದ ಇಟ್ಟರೆ ‘ಸಂಗತಿಗಳು ನನ್ನ ಮೇಲೇರುತ್ತಿವೆ’ ಎಂದಾಗುತ್ತದೆ. ಅದು ಕನ್ನಡವೇ ಅಲ್ಲ. ‘ಎಲ್ಲ ಕೈಮೀರಿ ಹೋಗುತ್ತಿದೆ’ ಎಂದರೆ ಕೇಳಿದವರ ಗಮನ ಮನೆಯ ಖರ್ಚಿನ ಕಡೆಗೆ ಹೊರಳಬಹುದು. ‘ಎಲ್ಲ ನನ್ನ ತಲೆಯ ಮೇಲೆ ಬಿದ್ದಿದೆ’ ಎಂದರೆ ಇನ್ನೂ ಕಷ್ಟ. ಅದು ಮನಸ್ಸಿನ ಸ್ಥಿತಿಗಿಂತ ಹೆಚ್ಚಾಗಿ ಮನೆಯವರ ಮೇಲಿನ ದೂರಾಗುತ್ತದೆ, ಅತ್ತೆ ಪಕ್ಕದಲ್ಲೇ ಕುಳಿತಿರುವಾಗ ಯಾವ ಸೊಸೆಯೂ ಅದಕ್ಕೆ ‘ಹೌದು’ ಎನ್ನಲಾರಳು.

ಅತ್ತೆ ಪಕ್ಕದಲ್ಲಿರುವುದು ಸಣ್ಣ ವಿಷಯವಲ್ಲ. ಆ ಮಾಪಕವನ್ನು ತಾಯಿ ತಾನೇ ಓದಿ, ತಾನೇ ಗುರುತು ಹಾಕಲೆಂದು ರೂಪಿಸಲಾಗಿದೆ. ಓದಲು ಬಾರದ ತಾಯಿಗೆ ಆರೋಗ್ಯ ಕಾರ್ಯಕರ್ತೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಾದಾಗ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತ ಹತ್ತನೆಯ ಪ್ರಶ್ನೆ ಮನೆಮಂದಿಯ ಕಿವಿಗೂ ಬೀಳುತ್ತದೆ. ಅನುವಾದ ಎಷ್ಟೇ ನಿಖರವಾಗಿದ್ದರೂ ಆಗ ಸಿಗುವ ಅಂಕವನ್ನು ನಂಬುವುದು ಹೇಗೆ? ಖಿನ್ನತೆಯೆಂದು ಶಂಕಿಸಲು ಎಷ್ಟು ಅಂಕ ಬೇಕೆಂಬುದನ್ನು ಪ್ರತಿ ಭಾಷೆಯಲ್ಲೂ ಹೊಸದಾಗಿ ಪರೀಕ್ಷಿಸುವುದಕ್ಕೆ ಇಂಥವೂ ಕಾರಣ.

ಕಾಯಿಲೆಯ ಹೆಸರಿನದೂ ಇದೇ ಪಾಡು. ‘ಖಿನ್ನತೆ’ ಪುಸ್ತಕದ ಮಾತು, ‘ಬೇಜಾರು’ ತೀರಾ ಹಗುರ, ‘ಬಾಣಂತಿ ಸನ್ನಿ’ ಎಂದರೆ ಮನೆಯವರು ಹೌಹಾರುತ್ತಾರೆ. ಜಿಂಬಾಬ್ವೆಯ ಶೋನಾ ಭಾಷಿಕರಲ್ಲಿ ‘ಕುಫುಂಗಿಸಿಸಾ’ ಎಂಬ ಪದವಿದೆ. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ಅಲ್ಲಿನ ‘ಫ್ರೆಂಡ್‌ಶಿಪ್ ಬೆಂಚ್’ ಕಾರ್ಯಕ್ರಮದಲ್ಲಿ ತರಬೇತಿ ಪಡೆದು, ಬೆಂಚಿನ ಮೇಲೆ ಕುಳಿತು ಆಪ್ತಸಮಾಲೋಚನೆ ಮಾಡುವ ಅಜ್ಜಿಯರು ವೈದ್ಯಕೀಯ ಹೆಸರನ್ನು ಬದಿಗಿಟ್ಟು ಆ ಪದದಿಂದಲೇ ಮಾತು ಆರಂಭಿಸುತ್ತಾರೆ.

ತಾಯಂದಿರ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದ್ದು ಪಾಕಿಸ್ತಾನದ ರಾವಲ್ಪಿಂಡಿಯ ಗ್ರಾಮಾಂತರದಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ‘ಥಿಂಕಿಂಗ್ ಹೆಲ್ದಿ’ ಪ್ರಯೋಗ. ಅವರು ಮನೋವೈದ್ಯರನ್ನು ಕಳಿಸಲಿಲ್ಲ. ಹೇಗೂ ಮನೆಮನೆಗೆ ಹೋಗುತ್ತಿದ್ದ, ಅಲ್ಲಿನ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಾದ ಲೇಡಿ ಹೆಲ್ತ್ ವರ್ಕರ್‌ಗಳಿಗೇ ತರಬೇತಿ ಕೊಟ್ಟರು. ಯೋಚನೆಯ ಜಾಡನ್ನು ತಿದ್ದುವ ಚಿಕಿತ್ಸೆಯನ್ನು ಚಿತ್ರಗಳ ಮೂಲಕ ಹೇಳಿಸಿದರು. ಎಲ್ಲಕ್ಕಿಂತ ಜಾಣತನದ ಹೆಜ್ಜೆಯೆಂದರೆ, ತಾಯಿಗೆ ಕಾಯಿಲೆಯಿದೆ ಎನ್ನದೆ, ಮಗು ಚೆನ್ನಾಗಿ ಬೆಳೆಯಬೇಕು ಎಂಬ ಮಾತಿನಿಂದ ಮನೆಯೊಳಗೆ ಕಾಲಿಟ್ಟದ್ದು. ಆ ಮಾತಿಗೆ ಅಡ್ಡಿ ಹೇಳುವ ಅತ್ತೆ ಎಲ್ಲಿದ್ದಾಳೆ? ಹೆರಿಗೆಯಾದ ಆರು ತಿಂಗಳ ಬಳಿಕ ನೋಡಿದಾಗ ಈ ನೆರವು ಪಡೆದ ತಾಯಂದಿರಲ್ಲಿ ಶೇ. 23 ಮಂದಿಗೆ ಖಿನ್ನತೆ ಉಳಿದಿತ್ತು. ಬರಿಯ ಭೇಟಿಗಳಷ್ಟೇ ನಡೆದ ಗುಂಪಿನಲ್ಲಿ ಅದು ಶೇ. 53.

ಇಷ್ಟು ಮೆಚ್ಚಿದರೂ ಒಂದು ತಕರಾರು ನನ್ನಲ್ಲಿ ಉಳಿದೇ ಇದೆ. ಮಗುವಿನ ನೆಪದಿಂದ ಮಾತ್ರ ತಾಯಿಯ ಸಂಕಟಕ್ಕೆ ಬೆಲೆ ಬರುವುದಾದರೆ, ಆಕೆಯನ್ನು ಹಾಗೆ ನೋಡುವ ರೂಢಿಗೆ ಕಾರ್ಯಕ್ರಮವೇ ತಲೆಬಾಗಿದಂತಲ್ಲವೇ? ಆ ಪ್ರಯೋಗದಲ್ಲೇ ಶಿಶುಗಳ ತೂಕ ಮತ್ತು ಎತ್ತರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಓದಿದಾಗ ಈ ಪ್ರಶ್ನೆ ಇನ್ನಷ್ಟು ಚುಚ್ಚಿತು. ಅತಿಸಾರ ಕಡಿಮೆಯಾಗಿತ್ತು, ಲಸಿಕೆ ಪೂರ್ಣಗೊಂಡ ಮಕ್ಕಳು ಹೆಚ್ಚಿದ್ದರು, ನಿಜ. ಆದರೆ ನಿಚ್ಚಳವಾಗಿ ಗೆದ್ದದ್ದು ತಾಯಿ. ಮನೆಯವರಿಗೆ ಹೇಳಿದ ಕಾರಣವೇ ಬೇರೆಯಾಗಿತ್ತು.

ಹೀಗೆ ಗೊಣಗುತ್ತಲೇ, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರತಂದ ಇದೇ ಕಾರ್ಯಕ್ರಮದ ಕೈಪಿಡಿಯನ್ನು ತಿರುವಿದೆ. ಪ್ರತಿ ಘಟ್ಟದಲ್ಲೂ ಮೂರು ಭೇಟಿಗಳಿವೆ. ಮಗುವಿನೊಡನೆ ತಾಯಿಯ ನಂಟು ಎರಡನೆಯದರಲ್ಲಿ, ಸುತ್ತಲಿನವರೊಡನೆ ಆಕೆಯ ಸಂಬಂಧ ಮೂರನೆಯದರಲ್ಲಿ ಬರುತ್ತದೆ. ಮೊದಲ ಭೇಟಿ ಪೂರ್ತಿಯಾಗಿ ತಾಯಿಯ ಸ್ವಂತ ಆರೋಗ್ಯಕ್ಕೇ ಮೀಸಲು.