ಸೋದರಮಾವನ ಸಹಿ ನಡೆಯಲಿಲ್ಲ

ಅಕ್ಕನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮಾವ, ನಾಳೆ ರಜಾ ಹಾಕ್ತೀಯಾ?" ಎಂದ. ಬೈಕ್ ಎಲ್ಲೋ ಗುದ್ದಿಕೊಂಡಿದ್ದಾನೆ ಅಂದುಕೊಂಡೆ. ಅಲ್ಲ, ಎಚ್‌ಐವಿ ಪರೀಕ್ಷೆ ಮಾಡಿಸಬೇಕಂತೆ. ಐದು ವಾರದ ಹಿಂದೆ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದ. ಎಲ್ಲರಿಗೂ ಒಂದೇ ಸೂಜಿ ಅಂದ. ಆ ಹಚ್ಚೆಗೆ ಅಕ್ಕ ಆಗಲೇ ಎರಡು ದಿನ ಬೈದಿದ್ದಳು. ಹಚ್ಚೆ ಒಂದೇನಾ ಕಾರಣ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವನು ಬರುತ್ತಲೇ ಇರಲಿಲ್ಲ.

(ಇದನ್ನು ಅವನಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಬೇಡ ಅಂದ.)

ಶೂ ಕೊಡಿಸ್ತೀನಿ ಎಂದು ಅಕ್ಕನಿಗೆ ಸುಳ್ಳು ಹೇಳಿ ಪಕ್ಕದ ತಾಲ್ಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಮ್ಮೂರಿನಲ್ಲಿ ಚೀಟಿ ಬರೆಯುವ ಹುಡುಗಿ ಅವನ ಗೆಳೆಯನ ಅಕ್ಕ. ಇಲ್ಲಿ ಯಾರಿಗೂ ಗುರುತಿಲ್ಲ ಎಂಬ ಧೈರ್ಯದ ಮೇಲೆ, ಐಸಿಟಿಸಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಎಲ್ಲಿ ಎಂದು ಮೆಲ್ಲಗೆ ಕೇಳಿದೆ. ಕೌಂಟರಿನವನು "ಎಚ್‌ಐವಿ ರೂಮಾ? ಸೀದಾ ಹೋಗಿ, ಕೊನೇದು!" ಎಂದು ಕೂಗಿದ. ಇಂಜೆಕ್ಷನ್ನಿಗೆ ನಿಂತಿದ್ದ ಸಾಲು ಪೂರ್ತಿ ತಿರುಗಿ ನೋಡಿತು. ನಮ್ಮ ಹುಡುಗ ಕರ್ಚೀಫಿನಿಂದ ಮುಖ ಒರೆಸಿಕೊಳ್ಳಲು ಶುರು ಮಾಡಿದವನು ಆ ರೂಮಿನ ತನಕ ಒರೆಸುತ್ತಲೇ ಇದ್ದ.

ಒಳಗಿದ್ದ ಕೌನ್ಸೆಲರ್ ಮೇಡಂ ಒಳ್ಳೆಯವರು. ನನ್ನನ್ನು ಹೊರಗೆ ಕೂರಿಸಿ ಅವನ ಜೊತೆ ಅರ್ಧ ಗಂಟೆ ಮಾತಾಡಿದರು. ಏನು ಹೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ನನ್ನನ್ನು ಕರೆದರು.

"ನೀವು ಏನಾಗಬೇಕು?"

"ಸೋದರಮಾವ."

"ಇವನಿಗೆ 18 ತುಂಬೋಕೆ ಇನ್ನೂ ಏಳು ವಾರ ಇದೆ ಸರ್. ಅಪ್ಪಂದೋ ಅಮ್ಮಂದೋ ಸಹಿ ಬೇಕು."

ಇವನ ಕಿವಿ ಚುಚ್ಚಿಸಿದ್ದು ನನ್ನ ತೊಡೆ ಮೇಲೆ ಕೂರಿಸಿಕೊಂಡೇ. ಆ ಸೂಜಿಗೆ ನಾನು ಸಾಕಾಗಿದ್ದೆ, ಈ ಸೂಜಿಗೆ ಸಾಲಲಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಯಾರಿಗೂ ಪರೀಕ್ಷೆ ಮಾಡುವಂತಿಲ್ಲ. ಚಿಕ್ಕವರಾದರೆ ಹೆತ್ತವರೋ ಪೋಷಕರೋ ಒಪ್ಪಬೇಕು. ಬಲವಂತ ಆಗಬಾರದು ಅಂತ ಮಾಡಿದ್ದು, ಸರಿಯೇ. ಆದರೆ ಮನೆಯಲ್ಲಿ ಹೇಳಲಾಗದೆ ತಾನೇ ಹುಡುಗ ಇಲ್ಲಿಗೆ ಬಂದಿದ್ದು? "ನಾನೇ ನಿಮ್ಮ ಅಮ್ಮನ ಹತ್ರ ಮಾತಾಡಲಾ?" ಎಂದರು ಮೇಡಂ. ಅವನು ಎದ್ದೇಬಿಟ್ಟ. ಪಾಪ, 1097 ಸಹಾಯವಾಣಿ ನಂಬರನ್ನು ಚೀಟಿಯ ಹಿಂದೆ ಬರೆದುಕೊಟ್ಟರು.

ವಾಪಸ್ ಬರುವಾಗ ಬೈಕಿನ ಹಿಂದಿನಿಂದ ಒಂದೊಂದೇ ಹೇಳಿದ. "72 ಗಂಟೆ ಒಳಗೆ ಬಂದಿದ್ರೆ ಸೋಂಕು ತಡೆಯೋಕೆ 28 ದಿನದ ಮಾತ್ರೆ ಇತ್ತಂತೆ." ಸ್ವಲ್ಪ ದೂರ ಸುಮ್ನಿದ್ದ. "ಬಂದ್ರೂ ಸಾಯಲ್ವಂತೆ ಮಾವ. ದಿನಾ ಮಾತ್ರೆ ತಗೋಬೇಕು, ಫ್ರೀ. ವೈರಸ್ ಪೂರ್ತಿ ಅಡಗಿದ್ರೆ ಹೆಂಡತಿಗೂ ಅಂಟಲ್ವಂತೆ." ಹೆಂಡತಿಯಂತೆ! ಡಿಸೆಂಬರ್ 1ರ ಏಡ್ಸ್ ದಿನದ ಜಾಥಾದಲ್ಲಿ ಬ್ಯಾನರ್ ಹಿಡಿದು ಮುಂದೆ ನಡೆದವನು ಇವನೇ. ಇದರಲ್ಲಿ ಒಂದೂ ಅವನಿಗೆ ಗೊತ್ತಿರಲಿಲ್ಲ. ಅರ್ಧಕ್ಕರ್ಧ ನನಗೂ ಗೊತ್ತಿರಲಿಲ್ಲ ಬಿಡಿ.

ಆ ಏಳು ವಾರ ಮಾತ್ರ ಬೇಡ. ಹುಡುಗ ಅರ್ಧ ಊಟಕ್ಕೆ ಏಳುತ್ತಿದ್ದ. ನೆಗಡಿ ಬಂದರೂ ರಾತ್ರಿ ನನಗೆ ಮೆಸೇಜ್. ಮಗ ಸೊರಗಿದ ಎಂದು ಅಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಸೋಂಕು ಗೊತ್ತಾದ ಮೇಲೆ ಮಾತ್ರೆ ತಡಮಾಡಬಾರದು ಅನ್ನುವುದೂ ಸರ್ಕಾರದ್ದೇ ನಿಯಮ. ಗೊತ್ತಾಗುವುದಕ್ಕೇ ಏಳು ವಾರ ಕಾಯಬೇಕಾದರೆ?

ಹುಟ್ಟುಹಬ್ಬದ ಮೂರನೇ ದಿನ ಮತ್ತೆ ಹೋದೆವು. ಈ ಸಲ ಚಪ್ಪಲಿ ಕೊಡಿಸುವ ನೆಪ. ಅವನೇ ಸಹಿ ಹಾಕಿದ, ರಕ್ತ ತೆಗೆದರು, ಒಂದು ಗಂಟೆ ಆಗುವುದರೊಳಗೆ ರಿಸಲ್ಟ್ ಬಂತು. ನೆಗೆಟಿವ್. ಅಷ್ಟರಲ್ಲಿ ಮೂರು ತಿಂಗಳ ವಿಂಡೋ ಪೀರಿಯಡ್, ಅಂದರೆ ಸೋಂಕು ತಗಲಿದ್ದರೂ ಪರೀಕ್ಷೆಯಲ್ಲಿ ಕಾಣದಿರಬಹುದಾದ ಅವಧಿ, ಕೂಡ ಹೆಚ್ಚುಕಡಿಮೆ ಮುಗಿದಿತ್ತು. ಹೊರಗೆ ಬಂದು ಎರಡು ಮಸಾಲೆ ದೋಸೆ ತಿಂದ. ಮೂರನೆಯದಕ್ಕೂ ನನ್ನ ಮುಖ ನೋಡಿದ.

ಹೇಳಿದ ಮೇಲೆ ಚಪ್ಪಲಿ ಕೊಂಡೇ ಹೋಗಬೇಕಲ್ಲ, ಕೊಂಡೆವು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಪ್ರತಿಯೊಂದಕ್ಕೂ ನಿನ್ನನ್ನೇ ಯಾಕೋ ಕಾಡ್ತಾನೆ? ನನ್ನನ್ನ ಕೇಳಿದ್ರೆ ಬೇಡ ಅಂತೀನಾ?" ಎಂದಳು.